ಸುಳ್ಳು ನೆತ್ತರ ಚೆಲ್ಲಿ ಖರೆ ನೆತ್ತರ ಕರೆಯಬೇಡ್ರಿ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಇವತ್ತಿನ ಮಾತು ಕದ್ದವರದಲ್ಲ, ನಡುರಸ್ತೆಯಲ್ಲಿ ಒಡೆದವರದು. ಹೆಗಲು ಮುಟ್ಟಿಕೊಳ್ಳುವವರು ಧಾರಾಳವಾಗಿ ಮುಟ್ಟಿಕೊಳ್ಳಲಿ.

ಅಮಾಸಿ ಸಂಜೆ, ಖಂಡೆ ಪೂಜೆಯ ದಿನ, ದೀಪಾವಳಿಯ ಲಕ್ಷ್ಮೀಪೂಜೆಯ ರಾತ್ರಿ ಆಳಂದ, ಅಫಜಲಪುರ, ಜೇವರ್ಗಿ ಯಾವ ಪೇಟೆಗಾದರೂ ಹೋಗಿ ನೋಡಿ. ಬೂದುಗುಂಬಳಕಾಯಿಯ ನೆತ್ತಿಯಲ್ಲಿ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ನಾಲ್ಕು ಚಿಲ್ಲರೆ ನಾಣ್ಯ ಹಾಕಿ, ಮೇಲೆ ಕರ್ಪೂರ ಹಚ್ಚಿ, ಅಂಗಡಿಗೆ ದೃಷ್ಟಿ ತೆಗೆದು ರಸ್ತೆಯ ನಟ್ಟನಡುವೆ ಧೊಪ್ಪಂತ ಕುಕ್ಕುತ್ತಾರೆ. ಬಾಗಿಲು ಹಾಕಿ ಸಾವಕಾರರು ಮನೆಗೆ ಹೋದರು, ಅಲ್ಲಿಗೆ ಪೂಜೆ ಮುಗಿಯಿತು! ಮುಂಜಾನೆ ಮೊದಲ ಬಸ್ಸಿಗೆ ಬಂದ ಪರಊರಿನವ ಆ ಕೆಂಪು ರಾಡಿ ನೋಡಿದರೆ, ರಾತ್ರಿ ಇಲ್ಲಿ ಯಾರದೋ ಖೂನಿ ಆಗಿದೆ ಅಂತಲೇ ತಿಳಿಯಬೇಕು.

ಇಂಥ ವೇಷ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಎಂಬ ಹಬ್ಬ. ಕುಂಬಳಕಾಯಿಯ ತಿರುಳು ತೆಗೆದು, ಕಣ್ಣು, ಹಲ್ಲು ಕೊರೆದು, ಒಳಗೆ ದೀಪ ಇಡುತ್ತಾರೆ. ಮೂಲದಲ್ಲಿ ಐರ್ಲೆಂಡಿನವರು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು. ಅಮೆರಿಕಕ್ಕೆ ಹೋದ ಮೇಲೆ ಕುಂಬಳ ಸಿಕ್ಕಿತು. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಹಾಕಿ ಮನೆಯಲ್ಲೇ ಸುಳ್ಳು ರಕ್ತ ಮಾಡಿ ಮಕ್ಕಳನ್ನು ಹೆದರಿಸುತ್ತಾರೆ. ನಮಗೇನು ಇದು ಹೊಸದೇ? ಕುಂಬಳಕಾಯಿಗೆ ಮೀಸೆ, ಕೋರೆಹಲ್ಲು ಬರೆದು ಅಂಗಡಿ ಮುಂದೆ ತೂಗುಹಾಕುವವರು ನಾವು. ಅರಿಶಿನಕ್ಕೆ ಸುಣ್ಣ ಕೂಡಿಸಿದರೆ ನೀರು ರಕ್ತದಂತೆ ಕೆಂಪಾಗುತ್ತದೆ ಎಂಬುದು ಆರತಿ ಮಾಡುವ ಪ್ರತಿ ತಾಯಿಗೂ ಗೊತ್ತು. ಆದರೆ ಒಂದು ಮಾತು: ಅವರು ಕುಂಬಳಕಾಯಿ ಇಡುವುದು ತಮ್ಮ ಮನೆಯ ಮೆಟ್ಟಿಲ ಮೇಲೆ. ನಾವು ಒಡೆಯುವುದು ಮಂದಿ ಗಾಡಿ ಹೋಗುವ ದಾರಿಯಲ್ಲಿ.

ಬೂದುಗುಂಬಳದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ನೀರೇ. ಒಡೆದ ಹೋಳಿನ ಮೇಲೆ ಒಂದು ಬಸ್ಸು ಹಾಯ್ದರೆ ಸಾಕು, ತಿರುಳು, ಬೀಜ ಎಲ್ಲ ಅರೆದು ಡಾಂಬರಿನ ಮೇಲೆ ಲೋಳೆಯಾಗಿ ಕೂಡುತ್ತದೆ. ಬಸ್ಸಿಗೇನೂ ಆಗುವುದಿಲ್ಲ. ಹಿಂದೆ ಬರುವ ಮೋಟಾರ್ ಸೈಕಲ್ಲಿನವ ಬ್ರೇಕ್ ಒತ್ತಿದನೋ, ಚಕ್ರ ಜಾರಿತು! ಜೇವರ್ಗಿಯ ಮೇಲೆ ಹಾಯುವುದು 50ನೇ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಬಿದ್ದವನ ಹಿಂದೆಯೇ ಲಾರಿ ಇರುತ್ತದೆ. ಇನ್ನು ಆ ನಾಣ್ಯ ಆರಿಸಲು ಚಕ್ರಗಳ ನಡುವೆ ನುಗ್ಗುವ ಹುಡುಗರ ಪಾಡು ಹೇಳುವುದೇ ಬೇಡ. ಒಂದು ರೂಪಾಯಿಗೆ ಒಂದು ಜೀವ ಒತ್ತೆ ಇಟ್ಟಂತಾಯಿತು.

ಅಸಲಿಗೆ ಕುಂಬಳಕಾಯಿ ಈ ಪೂಜೆಗೆ ಬಂದದ್ದಾದರೂ ಏಕೆ? ಕೂಷ್ಮಾಂಡ ಬಲಿ ಎಂದರೆ ಪ್ರಾಣಿಬಲಿಗೆ ಬದಲು ಕೊಡುವ ಕಾಯಿ. ಕೋಣ, ಕುರಿ ಕಡಿಯುವುದು ಬೇಡ, ಕಾಯಿ ಸಾಕು, ಕುಂಕುಮವೇ ನೆತ್ತರಾಗಲಿ ಎಂಬುದು ಅದರ ಅರ್ಥ. ಜೀವ ಉಳಿಸಲಿಕ್ಕೆ ಹಿಡಿದ ಕಾಯಿ ಅದು. ಅದೇ ಕಾಯಿ ದಾರಿಹೋಕನ ಕಾಲು ಮುರಿದರೆ, ಅದು ಪೂಜೆಯೋ, ಪಾಪವೋ? ನಮ್ಮ ಅಂಗಡಿಯ ದೃಷ್ಟಿ ಕಂಡವರ ತಲೆಗೆ ಕಟ್ಟುವುದು ಯಾವ ಧರ್ಮ?

2023ರಲ್ಲಿ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ವಿಧಾನಸೌಧದ ಕಾರಿಡಾರಿನಲ್ಲಿ ಆಯುಧ ಪೂಜೆಗೆ ರಾಸಾಯನಿಕ ಬಣ್ಣದ ಕುಂಕುಮ ಬಳಸಬೇಡಿ, ನೆಲಕ್ಕೆ ಕಲೆ ಹತ್ತುತ್ತದೆ ಎಂದು. ಛಲೋ ಆಯಿತು. ವಿಧಾನಸೌಧದ ಕಲ್ಲಿಗೆ ಇಷ್ಟು ಕಾಳಜಿ ಇದ್ದರೆ ಆಳಂದದ ಮಂದಿಯ ಮೊಣಕಾಲಿಗೆ ಒಂದಿಷ್ಟು ಇರಬಾರದೇ? ಕಾನೂನೂ ಇದೆ. ಸಾರ್ವಜನಿಕ ದಾರಿಯಲ್ಲಿ ಅಪಾಯ ತಂದೊಡ್ಡಿದರೆ ಹಳೆಯ ದಂಡಸಂಹಿತೆಯಲ್ಲಿ 200 ರೂಪಾಯಿವರೆಗೆ ದಂಡ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ ಅದು 5,000 ರೂಪಾಯಿವರೆಗೆ ಏರಿದೆ.

ಆದರೆ ಪೂಜೆಗೆ ಪೊಲೀಸರು ಯಾಕೆ ಬೇಕ್ರಿ? ಪೂಜೆ ಬಿಡಿ ಅಂತ ನಾವು ಹೇಳುತ್ತಿಲ್ಲ. ನಾಣ್ಯ ಒಳಗೆ ಹಾಕಬೇಡಿ, ಬೇಡುವವರ ಕೈಗೆ ಕೊಡಿ. ಕಾಯಿಯನ್ನು ಹೊಸ್ತಿಲ ಮುಂದೆ ಗೋಣಿತಾಟಿನ ಮೇಲೆ ಚಾಕುವಿನಿಂದ ಎರಡು ಹೋಳು ಮಾಡಿ, ಬಾಗಿಲಿನ ಎಡಬಲಕ್ಕೆ ಇಡಿ. ಮರುದಿನ ಬಾಗಿಲು ತೆಗೆದ ಕೂಡಲೇ ಎತ್ತಿ ಕಸದ ಗಾಡಿಗೆ ಹಾಕಿ. ತೂಗುಹಾಕಿದ ಕಾಯಿ ಕೊಳೆತು ಗಿರಾಕಿಯ ತಲೆ ಮೇಲೆ ಸೋರುವ ಮೊದಲು ಇಳಿಸಿ. ಇಷ್ಟಕ್ಕೆ ಖರ್ಚೇನೂ ಇಲ್ಲ. ಊರಿನ ಪುರಸಭೆಯವರು ಅಮಾಸಿ ಮರುದಿನ ಬೆಳಕು ಹರಿಯುವ ಮುಂಚೆ ಪೇಟೆ ರಸ್ತೆಗೆ ಒಂದು ಬಾರಿ ಪೊರಕೆ ತೋರಿಸಿದರೆ ಅವರಿಗೂ ಪುಣ್ಯ.

ಸಾವಕಾರರೇ, ನಿಮ್ಮ ಅಂಗಡಿ ಮುಂದೆ ಜಾರಿ ಬೀಳುವವ ಮತ್ತಾರೂ ಅಲ್ಲ, ನಿಮ್ಮದೇ ಗಿರಾಕಿ. ಅವನು ಎದ್ದು ನಡೆದರಷ್ಟೇ ನಿಮ್ಮ ಗಲ್ಲಾ ತುಂಬುವುದು. ಬರುವ ಅಮಾಸಿಗೆ ಇಷ್ಟು ನೆನಪಿಡುವಿರಾ?