ಒಟಿಪಿ ಓದಿದ್ದು ಮಗ, ಒಪ್ಪಿದ್ದು ಅಮ್ಮನಾ?

ನಮ್ಮ ಕಡೆಯ ಸಣ್ಣಪುಟ್ಟ ಕ್ಲಿನಿಕ್‌ಗಳಿಗೂ ಈಗ ಕಂಪ್ಯೂಟರ್ ಬಂದಿದೆ. ಹೆಸರು, ವಯಸ್ಸು, ಬಿಪಿ, ಶುಗರ್, ಬರೆದುಕೊಟ್ಟ ಮಾತ್ರೆ ಎಲ್ಲವೂ ಟೈಪಾಗಿ ಎಲ್ಲೋ ಇರುವ ಕಂಪನಿಯ ಸರ್ವರ್ ಸೇರುತ್ತದೆ. ಇದಕ್ಕೆ ಕ್ಲೌಡ್ ಅನ್ನುತ್ತಾರೆ. ಮೋಡವೂ ಅಲ್ಲ, ಮಳೆಯೂ ಅಲ್ಲ. ಬೇರೆಯವರ ಕಂಪ್ಯೂಟರ್, ಅಷ್ಟೆ.

ಕಂಪ್ಯೂಟರೇ ಬೇಡ ಅಂತ ನಾವು ಹೇಳುತ್ತಿಲ್ಲ. ಪ್ಲಾಸ್ಟಿಕ್ ಕವರಿನ ತುಂಬ ಹಳೇ ಚೀಟಿ ಹೊತ್ತು ಜಿಲ್ಲಾಸ್ಪತ್ರೆಗೆ ಹೋಗಿ, ಬೇಕಾದ ಒಂದೇ ಚೀಟಿ ಸಿಗದೆ ಮತ್ತೆ ರಕ್ತ ಪರೀಕ್ಷೆಗೆ ದುಡ್ಡು ಕೊಟ್ಟವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ತಕರಾರು ಒಪ್ಪಿಗೆ ಕೇಳುವ ರೀತಿಯದ್ದು.

ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅನ್ನು ದೇಶಕ್ಕೆಲ್ಲ ತಂದಿತು. ಅದರಲ್ಲಿ ಸಿಗುವ 14 ಅಂಕಿಯ ನಂಬರೇ ಆಭಾ. (ಐದು ಲಕ್ಷದ ಚಿಕಿತ್ಸೆಯ ಆಯುಷ್ಮಾನ್ ಕಾರ್ಡೇ ಬೇರೆ. ಆಭಾದಿಂದ ಒಂದು ರೂಪಾಯಿಯೂ ಬರುವುದಿಲ್ಲ.) ದಾಖಲೆ ನಿಮ್ಮದು, ನೀವು ಒಪ್ಪದೆ ಯಾರಿಗೂ ಹೋಗದು ಅನ್ನುತ್ತದೆ ಸರ್ಕಾರ. ಸರಿ. ಆದರೆ ಆ ಒಪ್ಪಿಗೆ ಹೋಗುವುದು ಫೋನಿನಿಂದ. ಫೋನ್ ಯಾರ ಹತ್ತಿರ ಇದೆ?

ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಅದೂ ಗಂಡನ ಜೇಬಿನಲ್ಲೋ ಮಗನ ಕೈಯಲ್ಲೋ. ಸೊಸೆ ಬಿಳಿಸೆರಗಿಗೋ, ಗರ್ಭಪಾತಕ್ಕೋ, ಟಿಬಿ ಅನುಮಾನಕ್ಕೋ ಡಾಕ್ಟರ ಹತ್ತಿರ ಹೋಗಿ ಆ ದಾಖಲೆ ಆಭಾಗೆ ಜೋಡಣೆಯಾದರೆ ಮೆಸೇಜ್ ಬೀಳುವುದು ಅದೇ ಫೋನಿಗೆ. ಹಿಂದೆ ಚೀಟಿಯನ್ನು ಅಕ್ಕಿ ಡಬ್ಬಿಯೊಳಗಾದರೂ ಮುಚ್ಚಿಡಬಹುದಿತ್ತು. ಈಗ ಕೌಂಟರಿನ ಹುಡುಗ "ನಂಬರ್ ಬಂತಾ, ಹೇಳಮ್ಮ" ಅನ್ನುತ್ತಾನೆ. ಅಮ್ಮ ಪಕ್ಕದವರ ಫೋನಿನಿಂದ ಮಗನಿಗೆ ಮಾಡಿಸುತ್ತಾಳೆ. ಮಗ ಹೊಲದಲ್ಲಿ ನಿಂತೇ ಆರು ಅಂಕಿ ಓದುತ್ತಾನೆ. ಲೆಕ್ಕಕ್ಕೆ ಅಮ್ಮ ಒಪ್ಪಿದ ಹಾಗಾಯಿತು. ಯಾವುದಕ್ಕೆ ಒಪ್ಪಿದ್ದು ಅಂತ ಅಮ್ಮನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ಆ ಹುಡುಗನಿಗೂ ಗೊತ್ತಿಲ್ಲ.

ದಾಖಲೆಗಳನ್ನು ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ, ಹುಟ್ಟಿದ ಜಾಗದಲ್ಲೇ ಇರುತ್ತವೆ ಅನ್ನುವ ಮಾತೂ ಇದೆ. ಸಣ್ಣ ಕ್ಲಿನಿಕ್‌ಗೆ ಆ ಜಾಗ ಅಂದರೆ ಬಾಡಿಗೆ ಕಟ್ಟಿ ಪಡೆದ ಕ್ಲೌಡ್. ಡಾಕ್ಟರು ಬಾಡಿಗೆ ನಿಲ್ಲಿಸಿದರೆ, ಕ್ಲಿನಿಕ್ ಮುಚ್ಚಿ ಊರು ಬಿಟ್ಟರೆ ನಮ್ಮ ಶುಗರ್ ಲೆಕ್ಕವನ್ನು ಯಾರ ಹತ್ತಿರ ಕೇಳಬೇಕು? 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗೇ ಸೈಬರ್ ದಾಳಿಯಾಗಿ ದಿನಗಟ್ಟಲೆ ಪೆನ್ನು ಕಾಗದದಲ್ಲೇ ಕೆಲಸ ನಡೆಯಿತು. ನಮ್ಮೂರ ಡಾಕ್ಟರ ಪಾಸ್‌ವರ್ಡ್ ಕಾಂಪೌಂಡರ್‌ಗೂ ಗೊತ್ತಿರುತ್ತದೆ, ಬಿಡಿ.

ಡಿಜಿಟಲ್ ದಾಖಲೆ ಜೋಡಿಸಿದ್ದಕ್ಕೆ ಆಸ್ಪತ್ರೆ, ಲ್ಯಾಬ್, ಸಾಫ್ಟ್‌ವೇರ್ ಕಂಪನಿಗಳಿಗೆ 4 ಕೋಟಿ ರೂಪಾಯಿವರೆಗೆ ಪ್ರೋತ್ಸಾಹಧನ ಕೊಡುವ ಯೋಜನೆ 2023ರಲ್ಲಿ ಶುರುವಾಯಿತು. ಜೋಡಿಸುವ ಮುಂಚೆ ಅಮ್ಮನಿಗೆ ಎರಡು ನಿಮಿಷ ಬಿಡಿಸಿ ಹೇಳುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ.

ಆಭಾ ಕಡ್ಡಾಯವಲ್ಲ. ಬೇಡ ಅನ್ನುವ ಹಕ್ಕು ನಿಮಗಿದೆ, ಮಾಡಿಸಿದ್ದನ್ನು ಅಳಿಸುವ ದಾರಿಯೂ ಇದೆ. ನಿಮ್ಮ ಮಾಹಿತಿ ಯಾಕೆ ಬೇಕು ಅನ್ನುವ ಸೂಚನೆಯನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು ಅಂತ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲೇ ಬರೆದಿದೆ. ಆರೋಗ್ಯ ಇಲಾಖೆಯವರು ಸ್ವಂತ ಫೋನ್ ಇಲ್ಲದವರ ಒಪ್ಪಿಗೆಗೆ ಬೇರೆ ದಾರಿ ಮಾಡಲಿ. ಡಾಕ್ಟರೇ, ನಿಮಗೂ ಒಂದು ಮಾತು: ಮಗನ ನಂಬರ್ ಹಾಕುವ ಮುಂಚೆ ಆ ಹೆಣ್ಣುಮಗಳನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಿ. ಬೇಡ ಅಂದರೆ ಮೊದಲಿನ ಹಾಗೆ ಚೀಟಿಯಲ್ಲೇ ಬರೆದುಕೊಡಿ.