ಕಟ್ಟಡದ ದುರಸ್ತಿ: ಮುಂದಾಲೋಚನೆ ಅವಶ್ಯ

ಮುಂಬಯಿಯಲ್ಲಿ ಮಳೆಗಾಲವು ಬಂದಿತೆಂದರೆ ಹಳೆಯ ಕಟ್ಟಡಗಳು ಕುಸಿದ ವಾರ್ತೆಯೂ ಅದರ ಬೆನ್ನಿಗೇ ಬರುತ್ತದೆ. 2017ರ ಆಗಸ್ಟಿನಲ್ಲಿ ಭೇಂಡಿ ಬಜಾರಿನ ಹುಸೇನಿ ಕಟ್ಟಡವು ಬಿದ್ದು 33 ಮಂದಿ ಮಡಿದರು. 2019ರ ಜುಲೈಯಲ್ಲಿ ಡೋಂಗ್ರಿಯಲ್ಲಿ ಇಂತಹುದೇ ಅನಾಹುತವಾಯಿತು. ಪ್ರತಿಯೊಂದು ಸಲವೂ ವಿಚಾರಣೆ ನಡೆಯುತ್ತದೆ, ನೋಟೀಸುಗಳು ಹೊರಡುತ್ತವೆ. ಮಳೆ ನಿಂತೊಡನೆ ಮಾತೂ ನಿಲ್ಲುತ್ತದೆ.

1947ರ ಬಾಡಿಗೆ ನಿಯಂತ್ರಣ ಶಾಸನವು ಬಡ ಬಾಡಿಗೆದಾರನಿಗೆ ಆಸರೆಯಾಯಿತೆಂಬುದು ನಿಜ. ಆದರೆ ಬಾಡಿಗೆಯು ನಿಂತಲ್ಲಿಯೇ ನಿಂತುದರಿಂದ ದುರಸ್ತಿಗೆ ಹಣ ತೊಡಗಿಸುವ ಆಸ್ಥೆಯು ಮಾಲಿಕರಲ್ಲಿ ಉಳಿಯಲಿಲ್ಲ. ಕಡೆಗೆ ಸರಕಾರವೇ 1969ರಲ್ಲಿ ಕಾಯಿದೆ ಮಾಡಿ, ಸೆಸ್ ವಿಧಿಸಿ, ದುರಸ್ತಿ ಮಂಡಳಿಯೊಂದನ್ನು ರಚಿಸಬೇಕಾಯಿತು. ಆರಂಭದಲ್ಲಿ ಅದರ ಪಾಲಿಗೆ ಬಂದ ಕಟ್ಟಡಗಳು 19,642.

ಹೋಟೆಲಿನಲ್ಲಿಯೇ ಮಲಗಿ, ಉಳಿಸಿದ ಹಣದಿಂದ ಡೊಂಬಿವಲಿಯಲ್ಲೋ ಠಾಣೆಯಲ್ಲೋ ಸೊಸೈಟಿಯ ಬ್ಲಾಕೊಂದನ್ನು ಕೊಂಡ ನಮ್ಮವರು ತಮಗೆ ಈ ಚಿಂತೆಯಿಲ್ಲವೆಂದು ಭಾವಿಸುವುದುಂಟು. ಆದರೆ 2017ರ ಜುಲೈಯಲ್ಲಿ ಘಾಟ್‌ಕೋಪರಿನಲ್ಲಿ ಕುಸಿದು 17 ಮಂದಿಯನ್ನು ಬಲಿ ತೆಗೆದುಕೊಂಡುದು ಸುಮಾರು ಮೂರೂವರೆ ದಶಕದ ಸೊಸೈಟಿ ಕಟ್ಟಡವೇ ಆಗಿತ್ತು. ಸೊಸೈಟಿಯಲ್ಲಿ ಮಾಲಿಕರು ನಾವೇ, ದೂರಲು ಇನ್ನೊಬ್ಬರಿಲ್ಲ.

ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸದವರಿಲ್ಲ. ಇಲ್ಲಿಯೂ ಮೊದಲ ಶತ್ರು ನೀರೇ. ತಾರಸಿಯ ಬಿರುಕಿನಿಂದ ಇಳಿದ ನೀರು ಒಳಗಣ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣವು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಆದುದರಿಂದ ಮೊದಲು ಸೋರಿಕೆಯನ್ನು ತಡೆದು, ಅನಂತರ ಕಂಬ ತೊಲೆಗಳನ್ನು ಭದ್ರಪಡಿಸಿ, ಬಣ್ಣವನ್ನು ಕೊನೆಗೆ ಬಳಿಯಬೇಕು. ಅನೇಕ ಸೊಸೈಟಿಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ.

ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪವಿಧಿಗಳು 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಎಂಜಿನಿಯರರ ತಪಾಸಣೆಯನ್ನು ವಿಧಿಸಿವೆ. ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.75ರಷ್ಟನ್ನು ದುರಸ್ತಿಗೂ, 0.25ರಷ್ಟನ್ನು ಸಿಂಕಿಂಗ್ ಫಂಡಿಗೂ ಕೂಡಿಡಬೇಕು.

ತೊಡಕಿರುವುದು ಇಲ್ಲಿಯೇ. ಬ್ಲಾಕಿನ ನಿರ್ಮಾಣಕ್ಕೆ ಅಂದು 1 ಲಕ್ಷ ರೂಪಾಯಿ ತಗಲಿದ್ದರೆ, ಈ ಲೆಕ್ಕದಲ್ಲಿ ವರ್ಷಕ್ಕೆ ಕೂಡುವುದು 1,000 ರೂಪಾಯಿ ಮಾತ್ರ. 30 ವರ್ಷಕ್ಕೆ, ಬಡ್ಡಿಯನ್ನು ಬಿಟ್ಟು, 30,000. ಇಂದಿನ ಸಿಮೆಂಟು, ಕೂಲಿಗಳ ದರಕ್ಕೆ ಇದು ಯಾವ ಮೂಲೆಗೂ ಸಾಲದು. ಕನಿಷ್ಠಕ್ಕಿಂತ ಹೆಚ್ಚು ಕೂಡಿಡುವ ಅಧಿಕಾರವು ಮಹಾಸಭೆಗಿದೆ. ಆದರೆ ತಿಂಗಳ ಕಂತು ಏರುವುದೆಂದೊಡನೆ ವಿರೋಧಿಸುವವರು ಸಂಬಳದಾರರಾದ ನಾವೇ. ಕಂತು ಸಣ್ಣದೆಂದು ಸಮಾಧಾನಪಟ್ಟವರಿಗೆ ಒಂದು ದಿನ ದೊಡ್ಡ ಮೊತ್ತದ ಬೇಡಿಕೆಯು ಒಮ್ಮೆಗೇ ಬರುತ್ತದೆ. ಸಾಲ ಮಾಡಬೇಕು, ಇಲ್ಲವೆ ಮನೆ ಮಾರಬೇಕು.

ಮುಂದಿನ ಮಹಾಸಭೆಗೆ ರಜೆ ಪಡೆದಾದರೂ ಹೋಗಿ, ಕೊನೆಯ ತಪಾಸಣೆ ಎಂದಾಯಿತು, ನಿಧಿಯಲ್ಲಿ ಎಷ್ಟಿದೆ, ಬರುವ 10 ವರ್ಷಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಬೇಕೆಂದು ಕೇಳುವುದು ಪ್ರತಿಯೊಬ್ಬ ಸದಸ್ಯನ ಕರ್ತವ್ಯವಾಗಿದೆ.