ರೇಸ್ ಕಾರು: ಹಳೇದು ಕೊಳ್ಳೋದಾ, ಇಲ್ಲೇ ಕಟ್ಟೋದಾ?

ದಾವಣಗೆರೆ: ಹಳೇ ಎಸ್ಟೀಮ್ ತಗೊಂಡು ನಾವೇ ರೇಸ್ ಕಾರು ಕಟ್ಟಿದರೆ ಅಗ್ಗ ಅನ್ನೋ ಲೆಕ್ಕ ಪಿ.ಜೆ. ಬಡಾವಣೆಯಂಥ ಕಡೆ ಸುಲಭಕ್ಕೆ ಹುಟ್ಟುತ್ತೆ. ಪಕ್ಕದ ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಶುರುವಾಗಿತ್ತು, ಲೇತ್ ಕೆಲಸ ಈ ಕಡೆಯವರಿಗೆ ಹೊಸದಲ್ಲ.

ಏಟು ಬೀಳೋದು ಸುರಕ್ಷತೆ ಸಾಮಾನಿನಲ್ಲಿ. ರೋಲ್ ಕೇಜ್, ಸೀಟು, ಬೆಲ್ಟು ನಿಯಮದ ಪ್ರಕಾರವೇ ಇರಬೇಕು. ಸಿಕ್ಕ ಪೈಪು ಬಾಗಿಸಿ ವೆಲ್ಡ್ ಹೊಡೆದರೆ ಪಲ್ಟಿ ಆದಾಗ ಅದೇ ತಲೆಗೆ ಬಡಿಯುತ್ತೆ. ಓಡಿದ ರೇಸ್ ಕಾರಲ್ಲಿ ಇವು ಮೊದಲೇ ಇರುತ್ತವೆ. ಆದರೆ ಬೆಲ್ಟು, ಸೀಟಿನ ಆಯಸ್ಸು ಸಾಮಾನ್ಯವಾಗಿ 5 ವರ್ಷ, ತಾರೀಕು ನೋಡದೆ ದುಡ್ಡು ಕೊಡಬಾರದು. ಕಲಿಯೋಕೆ ಕಟ್ಟಲಿ, ಉಳಿತಾಯಕ್ಕಲ್ಲ.

ಮಾರ್ಪಾಡಾದ ಕಾರು ರಸ್ತೆಗಿಳಿದರೆ 2019ರ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೊಯಮತ್ತೂರು, ಚೆನ್ನೈ ಟ್ರ್ಯಾಕಿಗೆ ಒಯ್ಯೋ ಲಾರಿ ಬಾಡಿಗೆ ಎರಡಕ್ಕೂ ತಪ್ಪಿದ್ದಲ್ಲ.